ಮೂರು ಸುತ್ತಿಗೊಂದು ‘ಟಕ್’

ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಹೊರಡುವಾಗ ಬಟ್ಟೆ, ಪುಸ್ತಕ, ಮನಿಪ್ಲಾಂಟ್ ಕುಂಡ ಎಲ್ಲವನ್ನೂ ಕಾರಿಗೆ ತುಂಬಿಕೊಂಡವಳು ಗೇರ್ ಸೈಕಲ್ಲನ್ನು ಮಾತ್ರ ಬಿಟ್ಟುಹೋದಳು. “ಅಮ್ಮ, ಇನ್ಮೇಲೆ ಇದು ನಿಂದು. ಡಾಕ್ಟ್ರು ದಿನಾ ವಾಕಿಂಗ್ ಮಾಡಿ ಅಂದು ಒಂದು ವರ್ಷ ಆಯ್ತು. ನೀನು ನಾಳೆ, ನಾಡಿದ್ದು ಅಂತಾನೇ ಇದ್ದೀಯ. ಸೈಕಲ್ಲಾದ್ರೂ ತುಳಿ” ಅಂತ ಬೀಗದ ಕೀ ಕೈಗಿಟ್ಟಳು.

ನನಗೆ ವಯಸ್ಸು 49. ಮೈಸೂರಿನ ಕುವೆಂಪುನಗರದಲ್ಲಿ ಮನೆ, ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಶುಗರ್ ಇನ್ನೂ ಬಂದಿಲ್ಲ, ಆದರೆ ಬಾಗಿಲಲ್ಲೇ ನಿಂತಿದೆ ಅಂತ ಡಾಕ್ಟರು ಎಚ್ಚರಿಸಿದ್ದರು. ಹುಡುಗಿಯಾಗಿದ್ದಾಗ ಲೇಡೀಸ್ ಸೈಕಲ್ ತುಳಿದದ್ದು ಬಿಟ್ಟರೆ ಆಮೇಲೆ ಮುಟ್ಟಿದವಳೇ ಅಲ್ಲ. ಹಾಗಾಗಿ ಮಗಳ ಸೈಕಲ್ಲು ಇಡೀ ಮಳೆಗಾಲ ಮೆಟ್ಟಿಲ ಕೆಳಗೆ ಎರಚಲಿಗೆ ನೆನೆಯುತ್ತಾ ನಿಂತಿತ್ತು. ಒಂದು ರಾತ್ರಿ ಗಾಳಿಗೆ ಬಲಕ್ಕೆ ಬಿದ್ದಿತ್ತು. ಬೆಳಿಗ್ಗೆ ಎತ್ತಿ ನಿಲ್ಲಿಸಿ, ಧೂಳು ಕೊಡವಿ ಸುಮ್ಮನಾಗಿದ್ದೆ.

ದಸರಾ ರಜೆಯಲ್ಲಿ ಒಂದು ದಿನ ಮನಸ್ಸು ಗಟ್ಟಿ ಮಾಡಿ, ಗಾಳಿ ತುಂಬಿಸಿಕೊಂಡು ಕುಕ್ಕರಹಳ್ಳಿ ಕೆರೆಯ ಕಡೆ ಹೊರಟೆ. ಬ್ಯಾಲೆನ್ಸ್ ಮರೆತಿರಲಿಲ್ಲ, ಪುಣ್ಯ. ಆದರೆ ಸದ್ದು! ಚಿಂವ್ ಚಿಂವ್, ಕಟಕಟ, ನಡುನಡುವೆ ಒಂದು ‘ಟಕ್’. ವಾಕಿಂಗ್ ಬಂದಿದ್ದವರೆಲ್ಲ ತಿರುಗಿ ನೋಡುವವರೇ. ಒಬ್ಬ ಹಿರಿಯರಂತೂ “ಏನಮ್ಮಾ, ಸೈಕಲ್ ಒಳಗೆ ಹಕ್ಕಿ ಸಾಕಿದ್ದೀರಾ?” ಅಂತ ಕೇಳಿಯೇಬಿಟ್ಟರು. ನಾಚಿಕೆಯಾಗಿ ಅರ್ಧ ದಾರಿಯಿಂದಲೇ ಮನೆಗೆ ತಿರುಗಿಸಿದೆ.

ದೊಡ್ಡ ಅಂಗಡಿಯೊಂದಕ್ಕೆ ತೆಗೆದುಕೊಂಡು ಹೋದೆ. ಅಲ್ಲಿದ್ದ ಹುಡುಗ ಪೆಡಲನ್ನು ಎರಡು ಸಲ ತಿರುಗಿಸಿ, “ಮೇಡಂ, ಚೈನು, ಹಿಂದಿನ ಹಲ್ಲಿನ ಸೆಟ್ಟು, ಗೇರು ಎಲ್ಲಾ ಹೊಸದು ಹಾಕ್ಬೇಕು. 3,200 ಆಗುತ್ತೆ” ಅಂದ. ಯಾಕೆ ಅಂತ ಕೇಳಿದರೆ “ಸೌಂಡ್ ಬರ್ತಿದ್ಯಲ್ಲಾ” ಅನ್ನುವುದೇ ಉತ್ತರ. ಯೋಚಿಸಿ ಹೇಳುತ್ತೇನೆ ಅಂತ ವಾಪಸ್ಸು ಬಂದೆ.

ಮನೆಯಲ್ಲಿ ಅಪ್ಪ ಪೇಪರ್ ಓದುತ್ತಾ ಕೂತಿದ್ದರು. ಅಮ್ಮ ತೀರಿಕೊಂಡ ಮೇಲೆ ಅರಸೀಕೆರೆಯ ಮನೆ ಬಿಟ್ಟು ನಮ್ಮ ಜೊತೆಗೇ ಇದ್ದಾರೆ. ವಯಸ್ಸು 78. ರೈಲ್ವೆಯಲ್ಲಿ ಫಿಟರ್ ಆಗಿದ್ದವರು. ಅಂಗಡಿಯವನು ಹೇಳಿದ್ದನ್ನೆಲ್ಲ ಹೇಳಿಕೊಂಡೆ. ಅವರು ಪೇಪರಿನಿಂದ ಕಣ್ಣೆತ್ತಲಿಲ್ಲ. ಈಚೆಗೆ ಹೀಗೆಯೇ. ಕರೆದರೆ ಓಗೊಡುವುದಿಲ್ಲ, ಟೀವಿ ಮಾತ್ರ ಬೀದಿಗೆಲ್ಲ ಕೇಳುವಷ್ಟು ಜೋರು. ನಮ್ಮೆಜಮಾನರು ಬಾಯಿಬಿಟ್ಟು ಏನೂ ಹೇಳದಿದ್ದರೂ ಟೀವಿ ಹಾಕಿದ ತಕ್ಷಣ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಪ್ಪನಿಗೆ ನಮ್ಮ ಮಾತಿನಲ್ಲಿ ಆಸಕ್ತಿಯೇ ಹೋಗಿದೆ ಅಂತ ನನಗೂ ಒಳಗೊಳಗೇ ಬೇಸರವಿತ್ತು. ಅವತ್ತು ಆ ಬೇಸರವೆಲ್ಲ ಸೇರಿ, ಎರಡನೇ ಸಲ ಸ್ವಲ್ಪ ಕಿರುಚಿಯೇ ಹೇಳಿದೆ.

ಅವರು ಪೇಪರ್ ಮಡಿಸಿಟ್ಟರು. “ಸದ್ದು ಯಾವಾಗ ಬರುತ್ತೆ?” ಅಂದರು.

“ತುಳಿಯುವಾಗ ಅಪ್ಪ, ಇನ್ಯಾವಾಗ?”

“ಅದಲ್ಲ ಕಣೇ. ಪ್ರತಿ ಸಲ ಪೆಡಲ್ ಸುತ್ತಿದಾಗ ಬರುತ್ತಾ? ತುಳಿಯೋದು ನಿಲ್ಲಿಸಿದ್ರೂ ಬರುತ್ತಾ? ಎಲ್ಲಾ ಗೇರಲ್ಲೂ ಬರುತ್ತಾ, ಒಂದೆರಡರಲ್ಲಿ ಮಾತ್ರನಾ? ಎಲ್ಲಿಂದ ಬರುತ್ತೆ ಅಂತ ಹುಡುಕೋಕೆ ಹೋಗ್ಬೇಡ. ಕಬ್ಬಿಣದಲ್ಲಿ ಸದ್ದು ಓಡಾಡುತ್ತೆ. ಮುಂದೆ ಆಗಿದ್ದು ಹಿಂದೆ ಆದ ಹಾಗೆ ಕೇಳಿಸುತ್ತೆ. ಯಾವಾಗ ಅಂತ ಮೊದ್ಲು ತಿಳ್ಕೋ. ಆಮೇಲೆ ಎಲ್ಲಿ ಅನ್ನೋದು ತಾನೇ ಗೊತ್ತಾಗುತ್ತೆ.”

ಎಷ್ಟೋ ತಿಂಗಳ ಮೇಲೆ ಅಪ್ಪ ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದು. ನಾವು ಚಿಕ್ಕವರಿದ್ದಾಗ ಅವರು ಹೇಳುತ್ತಿದ್ದ ಕತೆ ನೆನಪಾಯಿತು. ನಿಂತ ರೈಲಿನ ಚಕ್ರಕ್ಕೆ ಸುತ್ತಿಗೆಯಿಂದ ತಟ್ಟಿ, ಅದರ ದನಿ ಕೇಳಿ ಬಿರುಕು ಇದೆಯೋ ಇಲ್ಲವೋ ಹೇಳುವ ಕೆಲಸ. ಒಳ್ಳೆಯ ಚಕ್ರ ಗಂಟೆಯ ಹಾಗೆ ‘ಠಣ್’ ಅನ್ನುತ್ತದೆ, ಬಿರುಕು ಬಿಟ್ಟದ್ದು ಮಡಕೆಯ ಹಾಗೆ ಮಂಕಾಗಿ ಸದ್ದು ಮಾಡುತ್ತದೆ ಅಂತ ನಮ್ಮ ಸ್ಟೀಲ್ ತಟ್ಟೆ, ಒಡೆದ ಕುಂಡ ಎಲ್ಲ ತಟ್ಟಿ ತೋರಿಸುತ್ತಿದ್ದರು. ಅವರ ಕಿವಿ ಅಂದರೆ ನಮಗೆಲ್ಲ ಅಷ್ಟು ಹೆಮ್ಮೆ.

ಮರುದಿನ ಒಂದು ಸಣ್ಣ ನೋಟ್‌ಬುಕ್ ಜೇಬಿಗೆ ಹಾಕಿಕೊಂಡು, ಜನ ಇಲ್ಲದ ರಸ್ತೆಯಲ್ಲಿ ಸೈಕಲ್ ಹೊಡೆದೆ. ಅಪ್ಪ ಹೇಳಿದ ಪ್ರಶ್ನೆಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದೆ. ಗೇರ್ ಸೈಕಲ್ ಇರುವ ಓದುಗರಿಗೆ ಉಪಯೋಗಕ್ಕೆ ಬರಬಹುದು ಅಂತ ಅದನ್ನಿಲ್ಲಿ ಬರೆಯುತ್ತಿದ್ದೇನೆ.

ತುಳಿಯುವುದು ನಿಲ್ಲಿಸಿ, ಸೈಕಲ್ಲನ್ನು ಅದರ ಪಾಡಿಗೆ ಓಡಲು ಬಿಡಿ. ಆಗಲೂ ಚಕ್ರ ಒಂದು ಸುತ್ತು ಬಂದಾಗಲೆಲ್ಲ ಸದ್ದು ಬಂದರೆ ಅದು ಗೇರಿನದ್ದಲ್ಲ. ಬ್ರೇಕ್ ಉಜ್ಜುತ್ತಿರಬಹುದು, ಸ್ಪೋಕ್ ಸಡಿಲವಾಗಿರಬಹುದು. ಸುಮ್ಮನೆ ಒಂದೇ ಸಮ ‘ಟಿಕ್ ಟಿಕ್ ಟಿಕ್’ ಅಂದರೆ ಅದು ಫ್ರೀವೀಲ್, ಗಾಬರಿ ಬೇಡ, ಅದರ ಸ್ವಭಾವವೇ ಹಾಗೆ. ಪೆಡಲ್ ಪ್ರತಿ ಸುತ್ತು ಬಂದಾಗಲೂ ಅದೇ ಜಾಗದಲ್ಲಿ ಒಂದು ಸಲ ‘ಕಟ್’ ಅಂದರೆ ಪೆಡಲ್ಲು, ಪೆಡಲ್ ಕೂತಿರುವ ಕ್ರ್ಯಾಂಕು ಅಥವಾ ನಡುವಿನ ಬೇರಿಂಗ್ ನೋಡಬೇಕು. ಎದ್ದು ನಿಂತು ತುಳಿದಾಗ ಸದ್ದು ನಿಂತರೆ ತಪ್ಪು ಸೀಟಿನದ್ದು! ಒಂದೆರಡು ಗೇರಿನಲ್ಲಿ ಮಾತ್ರ ಕಟಕಟ ಅಂದರೆ ಗೇರು ಹೊಂದಿಸಿದ್ದು ತಪ್ಪಿದೆ ಅಂತ. ಇನ್ನೊಂದು ವಿಷಯ. ಮುಂದಿನ ದೊಡ್ಡ ಚಕ್ರಕ್ಕೂ ಹಿಂದಿನ ದೊಡ್ಡ ಚಕ್ರಕ್ಕೂ, ಅಥವಾ ಎರಡೂ ಕಡೆ ತೀರ ಚಿಕ್ಕದಕ್ಕೆ ಚೈನ್ ಹಾಕಿದರೆ ಅದು ಓರೆಯಾಗಿ ಓಡುತ್ತದೆ. ಆಗ ಎಂಥ ಹೊಸ ಸೈಕಲ್ಲೂ ಗೊಣಗುತ್ತದೆ. ಹಾಗೆ ಹಾಕದಿರುವುದೇ ಅದಕ್ಕೆ ರಿಪೇರಿ.

ನಮ್ಮ ಸೈಕಲ್ಲಿನಲ್ಲಿ ಒಂದಲ್ಲ, ಮೂರು ಸದ್ದು ಒಂದರ ಮೇಲೊಂದು ಕೂತಿದ್ದವು. ಚಿಂವ್ ಚಿಂವ್ ಎಲ್ಲ ಗೇರಿನಲ್ಲೂ ಬರುತ್ತಿತ್ತು, ತುಳಿಯುವಾಗ ಮಾತ್ರ. ಕಟಕಟ ಹಿಂದಿನ ಮೂರು, ನಾಲ್ಕನೇ ಗೇರಿನಲ್ಲಿ ಮಾತ್ರ. ಆ ‘ಟಕ್’ ಮಾತ್ರ ವಿಚಿತ್ರವಾಗಿತ್ತು. ಪೆಡಲ್ ಸುತ್ತು ಎಣಿಸಿದೆ. ಒಂದು, ಎರಡು, ಮೂರು, ಟಕ್. ಮತ್ತೆ ಒಂದು, ಎರಡು, ಮೂರು, ಟಕ್. ಗಡಿಯಾರದ ಹಾಗೆ ತಪ್ಪದೇ.

ಸಂಜೆ ಪೋರ್ಟಿಕೋದಲ್ಲಿ ಉಯ್ಯಾಲೆ ಕೊಕ್ಕೆಗೆ ಹಗ್ಗ ಹಾಕಿ ಸೀಟಿಗೆ ಕಟ್ಟಿದೆವು. ಹಿಂದಿನ ಚಕ್ರ ನೆಲ ಬಿಟ್ಟು ಮೇಲೆ ನಿಂತಿತು. ಅಪ್ಪ ಮಣೆ ಹಾಕಿಕೊಂಡು ಪಕ್ಕದಲ್ಲಿ ಕೂತರು. ಗೇರನ್ನು ಒಂದರಿಂದ ಒಂದಕ್ಕೆ ದಾಟಿಸುವ, ಹಿಂದೆ ನೇತಾಡುವ ತೋಳಿದೆಯಲ್ಲ, ಅದಕ್ಕೆ ಡಿರೇಲರ್ ಅಂತಾರೆ. ಅದರಲ್ಲಿ ಎರಡು ಪುಟ್ಟ ಹಲ್ಲಿನ ಚಕ್ರಗಳಿರುತ್ತವೆ. ನಾನು ಕೈಯಿಂದ ಪೆಡಲ್ ತಿರುಗಿಸಿದೆ. ಚಿಂವ್ ಚಿಂವ್ ಶುರುವಾಯಿತು.

“ಕೇಳಿಸ್ತಾ ಅಪ್ಪ? ಹಕ್ಕಿ ಥರ?”

“ಹ್ಞೂಂ, ಕೇಳ್ತಿದೆ. ತಿರುಗಿಸ್ತಿರು.” ಅವರ ಕಣ್ಣು ಚೈನಿನ ಮೇಲಿತ್ತು.

ಕೈಗೆ ನೋವು ಬಂತೆಂದು ನಾನು ಪೆಡಲ್ ನಿಲ್ಲಿಸಿದೆ. ಚಕ್ರವನ್ನೂ ಹಿಡಿದು ನಿಲ್ಲಿಸಿದೆ. ಪೋರ್ಟಿಕೋ ನಿಶ್ಶಬ್ದ. “ಈಗ ಅಪ್ಪ?” ಅಂದೆ, ಸುಮ್ಮನೆ. ಅವರು ಡಿರೇಲರನ್ನು ಬಗ್ಗಿ ನೋಡುತ್ತಲೇ, “ಹ್ಞೂಂ, ಈಗ್ಲೂ ಬರ್ತಿದೆ. ಚೆನ್ನಾಗಿ ಕೇಳ್ತಿದೆ” ಅಂದರು.

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅಪ್ಪ ತಲೆಯೆತ್ತಿ ನೋಡಿದರು. ನನ್ನ ಕೈ ಪೆಡಲಿನ ಮೇಲೆ ಇಲ್ಲದಿರುವುದು, ಚಕ್ರ ನಿಂತಿರುವುದು ಅವರಿಗೂ ಕಂಡಿತು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಮೇಲೆ ಅವರು “ಕತ್ತಲಾಯ್ತು, ನಾಳೆ ನೋಡೋಣ” ಅಂತ ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ‘ಯಾವಾಗ’ ಅಂತ ಕೇಳಿಕೊಳ್ಳುತ್ತಾ ಹೋದೆ. ಅಪ್ಪ ಯಾವಾಗ ಓಗೊಡುವುದಿಲ್ಲ? ನಾನು ಅಡುಗೆಮನೆಯಿಂದ ಕರೆದಾಗ. ಎದುರಿಗೆ ನಿಂತು ಮಾತಾಡಿದರೆ ಉತ್ತರ ಕೊಡುತ್ತಾರೆ. ಯಾರ ಮಾತು ತಪ್ಪುತ್ತದೆ? ನನ್ನದು, ಮೊಮ್ಮಗಳದ್ದು. ನಮ್ಮೆಜಮಾನರ ದಪ್ಪ ದನಿ ಅಷ್ಟು ತಪ್ಪುವುದಿಲ್ಲ. “ನೀವೆಲ್ಲ ಬಾಯೊಳಗೇ ಗೊಣಗ್ತೀರ” ಅಂತ ಅವರು ಬೈಯುವುದು ಯಾವಾಗ? ನಾಲ್ಕು ಜನ ಸೇರಿದಾಗ. ಹೋದ ತಿಂಗಳು ಗೇಟಿನ ಹತ್ತಿರ ಹಿಂದಿನಿಂದ ಬಂದ ಸೈಕಲ್ ಹುಡುಗ ಬೆಲ್ ಮಾಡಿದರೂ ಪಕ್ಕಕ್ಕೆ ಸರಿಯದೆ ಬೈಸಿಕೊಂಡಿದ್ದರಲ್ಲ, ಅದೂ ನೆನಪಾಯಿತು. ಎರಡು ವರ್ಷದಿಂದ ಒಂದೇ ಸಮ ಕೇಳುತ್ತಿದ್ದ ಸದ್ದಿಗೆ ನಾನು ‘ಅಪ್ಪನಿಗೆ ಈಗ ಯಾವುದೂ ಬೇಡ’ ಅಂತ ಹೆಸರಿಟ್ಟು ಕೂತಿದ್ದೆ. ಅಂಗಡಿಯ ಹುಡುಗ ಎರಡು ಸಲ ಪೆಡಲ್ ತಿರುಗಿಸಿ 3,200 ಅಂದದ್ದಕ್ಕಿಂತ ನನ್ನದೇನು ಹೆಚ್ಚಿನ ಬುದ್ಧಿವಂತಿಕೆ?

ಬೆಳಿಗ್ಗೆ ಕಾಫಿ ಕುಡಿದ ಮೇಲೆ ಅಪ್ಪನೇ ಸೈಕಲ್ ಹತ್ತಿರ ಬಂದರು. ಕೈಯಲ್ಲಿ ಹಳೆಯ ಉದ್ದದ ಸ್ಕ್ರೂಡ್ರೈವರ್, ಒಂದು ಅಡಿಯ ಸ್ಟೀಲ್ ಸ್ಕೇಲ್. ರಾತ್ರಿಯ ವಿಷಯ ಇಬ್ಬರೂ ಎತ್ತಲಿಲ್ಲ. “ನೀನು ಕೇಳು, ನಾನು ನೋಡ್ತೀನಿ” ಅಂದರು. ಅಷ್ಟರಲ್ಲೇ ಒಪ್ಪಿಕೊಂಡಿದ್ದರು.

ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಲು ಹೇಳಿದರು. ಸ್ಕ್ರೂಡ್ರೈವರಿನ ತುದಿಯನ್ನು ಫ್ರೇಮಿಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಇಟ್ಟುಕೊಂಡರು. “ಟಕ್ ಅನ್ನೋದು ಇಲ್ಲಿ ತಿಳಿಯುತ್ತೆ. ನಿನ್ನ ಹಕ್ಕಿ ಮಾತ್ರ ನಂಗೆ ಕೇಳ್ತಿಲ್ಲ” ಅಂತ ನಕ್ಕರು. ಸ್ವಲ್ಪ ಹೊತ್ತಿಗೆ ಬೆರಳು ತೋರಿಸಿ “ಅಲ್ಲಿ ನೋಡು” ಅಂದರು. ಚೈನು ಆ ಪುಟ್ಟ ಚಕ್ರಗಳ ನಡುವೆ ಹಾವಿನ ಹಾಗೆ ಬಳುಕಿ ಹೋಗುವಾಗ, ಒಂದು ಕೊಂಡಿ ಮಾತ್ರ ಬಳುಕುತ್ತಿರಲಿಲ್ಲ. ಅದು ಬಂದಾಗಲೆಲ್ಲ ಡಿರೇಲರ್ ಪುಟಕ್ಕನೆ ಕುಪ್ಪಳಿಸುತ್ತಿತ್ತು. ನನಗೆ ಕೇಳಿದ್ದು ಅವರಿಗೆ ಕಂಡಿತ್ತು.

ಮೂರು ಸುತ್ತಿಗೊಂದೇ ಯಾಕೆ ಅಂತ ಆಗ ಹೊಳೆಯಿತು. ಚೈನಿನ ಕೊಂಡಿ ಎಣಿಸಿದೆ, 114. ಮುಂದಿನ ನಡುವಿನ ಚಕ್ರದ ಹಲ್ಲು ಎಣಿಸಿದೆ, 38. ಪೆಡಲ್ ಒಂದು ಸುತ್ತು ಬಂದರೆ 38 ಕೊಂಡಿ ಮುಂದೆ ಹೋಗುತ್ತವೆ. 114ನ್ನು 38ರಿಂದ ಭಾಗಿಸಿದರೆ ಸರಿಯಾಗಿ ಮೂರು. ಅಂದರೆ ಮೂರು ಸುತ್ತಿಗೆ ಚೈನು ಒಂದು ಪ್ರದಕ್ಷಿಣೆ ಮುಗಿಸಿ, ಅದೇ ಕೊಂಡಿ ಅದೇ ಜಾಗಕ್ಕೆ ಬರುತ್ತದೆ. ಗಣಿತದ ಟೀಚರಿಗೆ ಇದಕ್ಕಿಂತ ಖುಷಿ ಬೇಕೆ? ಈ ವರ್ಷ ಒಂಬತ್ತನೇ ತರಗತಿಗೆ ಇದೇ ಲೆಕ್ಕ ಕೊಟ್ಟೆ. ಮಳೆಯಲ್ಲಿ ನೆನೆದು ಆ ಕೊಂಡಿಯ ಪಿನ್ನು ತುಕ್ಕು ಹಿಡಿದಿತ್ತು. ಒಂದು ತೊಟ್ಟು ಎಣ್ಣೆ ಬಿಟ್ಟು, ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ಮೆಲ್ಲಗೆ ಬಾಗಿಸಿದೆವು. ಹತ್ತು ಸಲ ಮಾಡುವಷ್ಟರಲ್ಲಿ ಬಿಗಿ ಬಿಟ್ಟುಕೊಂಡಿತು. ಟಕ್ ಹೋಯಿತು.

“ಒಂದ್ ಸಲಕ್ಕೆ ಒಂದೇ ಕೆಲಸ. ಈಗ ಮತ್ತೆ ಓಡಿಸ್ಕೊಂಡು ಬಾ” ಅಂದರು. ಎರಡು ಕಡೆ ಒಟ್ಟಿಗೆ ಕೈ ಹಾಕಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದಿಲ್ಲವಂತೆ.

ಎರಡನೆಯದು ಹಕ್ಕಿ. ಚೈನೂ ಒಣಗಿತ್ತು, ಡಿರೇಲರಿನ ಪುಟ್ಟ ಚಕ್ರಗಳೂ ಒಣಗಿದ್ದವು. ಹಳೆಯ ಬನಿಯನ್ ಬಟ್ಟೆಗೆ ಸೀಮೆಎಣ್ಣೆ ಮಾಡಿಕೊಂಡು ಚೈನನ್ನು ಕಪ್ಪು ಹೋಗುವವರೆಗೆ ಒರೆಸಿದೆ. ಒಣಗಿದ ಮೇಲೆ ಪ್ರತಿ ಕೊಂಡಿಯ ಉರುಳೆಗೂ ಒಂದೊಂದು ತೊಟ್ಟು ಚೈನ್ ಎಣ್ಣೆ. ಅದಕ್ಕಿಂತ ಮುಖ್ಯ, ಹತ್ತು ನಿಮಿಷ ಬಿಟ್ಟು ಮೇಲಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯುವುದು. ಎಣ್ಣೆ ಬೇಕಾಗಿರುವುದು ಪಿನ್ನಿನ ಒಳಗೆ. ಹೊರಗೆ ಉಳಿದರೆ ರಸ್ತೆಯ ಧೂಳು ಅಂಟಿ ಉಜ್ಜುಕಾಗದದ ಹಾಗೆ ಚೈನನ್ನು ತಿನ್ನುತ್ತದೆ. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ ಮಾತ್ರ ಹಾಕಬೇಡಿ. ನಾನು ಬಾಟಲಿ ತಂದಿದ್ದೆ, ಅಪ್ಪ ಬೈದು ವಾಪಸ್ಸು ಇಡಿಸಿದರು.

ಅಂಗಡಿಯವನು ಹೇಳಿದ ಹಾಗೆ ಚೈನು ನಿಜಕ್ಕೂ ಸವೆದಿದೆಯೇ ಅಂತಲೂ ನೋಡಿದೆವು. ಸೈಕಲ್ ಚೈನಿನಲ್ಲಿ ಒಂದು ಪಿನ್ನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಹಾಗಾಗಿ 24 ಕೊಂಡಿಗೆ ಸರಿಯಾಗಿ 12 ಇಂಚು ಇರಬೇಕು. ಚೈನನ್ನು ಬಿಗಿಯಾಗಿ ಹಿಡಿದು ಒಂದು ಪಿನ್ನಿನ ನಡುಮಧ್ಯಕ್ಕೆ ಸ್ಕೇಲಿನ ಸೊನ್ನೆ ಇಟ್ಟರೆ, 24ನೇ ಪಿನ್ನು 12ರ ಗೆರೆಯ ಮೇಲೇ ಬರಬೇಕು. ಗೆರೆಯಿಂದ ಇಂಚಿನ ಹದಿನಾರನೇ ಒಂದು ಭಾಗ ದಾಟಿದ್ದರೆ ಚೈನ್ ಬದಲಿಸುವ ಕಾಲ. ಎಂಟನೇ ಒಂದು ಭಾಗ ದಾಟಿದ್ದರೆ ಹಲ್ಲಿನ ಚಕ್ರಗಳೂ ಸವೆದಿರುತ್ತವೆ, ಖರ್ಚು ಹೆಚ್ಚು. ನಮ್ಮದು ಗೆರೆಯನ್ನು ಕೂದಲೆಳೆಯಷ್ಟು ದಾಟಿತ್ತು. ಇನ್ನೂ ಬಹಳ ದಿನ ಬರುತ್ತದೆ ಅಂದರು ಅಪ್ಪ.

ಉಳಿದದ್ದು ಕಟಕಟ. ಅಪ್ಪ ಸೈಕಲ್ಲಿನ ಹಿಂದೆ ಕೂತು, ಒಂದು ಕಣ್ಣು ಮುಚ್ಚಿ ನೋಡಿದರು. ಡಿರೇಲರ್ ನೇರವಾಗಿ ಹಲ್ಲಿನ ಚಕ್ರಗಳ ಸಮಕ್ಕೆ ನೇತಾಡಬೇಕು. ನಮ್ಮದು ಚಕ್ರದ ಕಡೆಗೆ ವಾಲಿತ್ತು. ಅದು ನೇತಾಡುವ ಪುಟ್ಟ ಲೋಹದ ಪಟ್ಟಿಗೆ ಹ್ಯಾಂಗರ್ ಅಂತಾರೆ. ಆ ಮಳೆಗಾಲದ ರಾತ್ರಿ ಸೈಕಲ್ ಬಲಕ್ಕೆ ಬಿದ್ದಾಗ ಅದು ಬಾಗಿತ್ತು. “ಇದನ್ನ ಹೀಗೇ ಬಿಟ್ಟು ಏರಿಗೆ ಅಂತ ಹಿಂದಿನ ದೊಡ್ಡ ಹಲ್ಲಿಗೆ ಹಾಕಿದ್ರೆ, ಇದು ಹೋಗಿ ಸ್ಪೋಕಿಗೆ ಸಿಕ್ಕುತ್ತೆ. ಚಕ್ರ ಅಲ್ಲೇ ನಿಲ್ಲುತ್ತೆ, ನೀನು ಬೀಳ್ತೀಯ” ಅಂದರು. ನಾವು ಬಾಗಿಸಲು ಹೋಗಲಿಲ್ಲ. ಅದಕ್ಕೆ ಬೇರೆ ಸಲಕರಣೆ ಬೇಕು, ಸುಮ್ಮನೆ ಬಗ್ಗಿಸಿದರೆ ಮುರಿಯಬಹುದು. ಗೇರ್ ಸೈಕಲ್ ಗೊತ್ತಿರುವ ಒಬ್ಬ ರಿಪೇರಿಯವರ ಹತ್ತಿರ ಹೋಗಿ “ಹ್ಯಾಂಗರ್ ಬಾಗಿದೆ, ನೆಟ್ಟಗೆ ಮಾಡಿಕೊಡಿ” ಅಂದೆ. ಅವರು ನನ್ನ ಮುಖ ನೋಡಿ, ಕೆಲಸ ಮಾಡಿ, 150 ರೂಪಾಯಿ ತೆಗೆದುಕೊಂಡರು.

ಕೊನೆಯ ಹೊಂದಾಣಿಕೆ ಮನೆಯಲ್ಲೇ ಆಯಿತು. ಗೇರಿನ ಕೇಬಲ್ ಡಿರೇಲರಿಗೆ ಸೇರುವಲ್ಲಿ ಬೆರಳಲ್ಲೇ ತಿರುಗಿಸುವ ಒಂದು ತಿರುಪಿರುತ್ತದೆ. ಚೈನು ದೊಡ್ಡ ಹಲ್ಲಿಗೆ ಹತ್ತಲು ತಡಮಾಡಿದರೆ, ಹಿಂದಿನಿಂದ ನೋಡುತ್ತಾ ಅದನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಕೇಬಲ್ ಬಿಗಿಯಾಗುತ್ತದೆ. ಚಿಕ್ಕ ಹಲ್ಲಿಗೆ ಇಳಿಯಲು ತಡಮಾಡಿದರೆ ಬಲಕ್ಕೆ. ಪ್ರತಿ ಸಲ ಕಾಲೇ ಸುತ್ತು, ಆಮೇಲೆ ಪೆಡಲ್ ತಿರುಗಿಸಿ ನೋಡುವುದು. ಮೂರು ಸಲಕ್ಕೆ ಕಟಕಟ ನಿಂತುಹೋಯಿತು.

ಸೈಕಲ್ ಕೆಳಗಿಳಿಸುವಾಗ ನಾನು ಎದುರಿಗೆ ನಿಂತು, “ಅಪ್ಪ, ನಿಮ್ಮ ಕಿವೀನೂ ಒಂದ್ಸಲ ಹೀಗೇ ನೋಡಿಸೋಣ್ವಾ? ಯಾವ ಸದ್ದು ಕೇಳುತ್ತೆ, ಯಾವುದು ಕೇಳಲ್ಲ ಅಂತ” ಅಂದೆ. ಅವರು ಸ್ಕೇಲನ್ನು ಒರೆಸುತ್ತಾ ತುಂಬ ಹೊತ್ತು ಸುಮ್ಮನಿದ್ದರು. “ಸುತ್ತಿಗೆ ಹಿಡಿದು ಕೇಳ್ಕೊಂಡೇ ಬದುಕಿದೋನು. ಕೇಳ್ತಿಲ್ಲ ಅಂತ ಯಾರ ಹತ್ರ ಹೇಳ್ಲಿ?” ಅಂದರು. ಆಮೇಲೆ ತಾವೇ, “ಯಾವತ್ತು ಹೋಗೋದು?” ಅಂತ ಕೇಳಿದರು.

ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ಊರು ನಮ್ಮದು. ದೇಶದ ಬೇರೆ ಕಡೆಯಿಂದೆಲ್ಲ ಜನ ಅಲ್ಲಿಗೆ ಬರುತ್ತಾರೆ. ಅದರ ಮುಂದೆ ನೂರು ಸಲ ಓಡಾಡಿದ್ದರೂ ಅಪ್ಪನನ್ನು ಕರೆದುಕೊಂಡು ಹೋಗಲು ನನಗೆ ಎರಡು ವರ್ಷ ಬೇಕಾಯಿತು. ಸದ್ದಿಲ್ಲದ ಒಂದು ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಒಂದು ಸಲಕ್ಕೆ ಒಂದೇ ಕಿವಿಗೆ, ಒಂದೇ ಸ್ವರವನ್ನು ಕೇಳಿಸಿ ಪರೀಕ್ಷೆ ಮಾಡಿದರು. ಹೊರಗೆ ಬಂದ ಅಪ್ಪ, “ನಮ್ಮ ಥರಾನೇ ಕೆಲ್ಸ ಮಾಡ್ತಾರೆ ಕಣೇ. ಒಂದ್ ಸಲಕ್ಕೆ ಒಂದೇ” ಅಂತ ಮೆಚ್ಚಿಕೊಂಡರು. ವಯಸ್ಸಿಗೆ ಬರುವ ಕಿವುಡು ಅಂದರು. ಇದರಲ್ಲಿ ಮೊದಲು ಹೋಗುವುದು ತೆಳ್ಳನೆಯ, ಎತ್ತರದ ಸ್ವರಗಳಂತೆ. ಹಾಗಾಗಿ ಹೆಂಗಸರ, ಮಕ್ಕಳ ಮಾತು ಹೆಚ್ಚು ತಪ್ಪುತ್ತದೆ. ಸ, ಶ ಥರದ ಅಕ್ಷರಗಳು ಜಾರಿಹೋಗಿ, ದನಿ ಕೇಳಿದರೂ ಮಾತು ಅರ್ಥವಾಗುವುದಿಲ್ಲ. ನಾವು ಗೊಣಗುತ್ತೇವೆ ಅಂತ ಅವರು ಹೇಳುತ್ತಿದ್ದುದು ಸುಳ್ಳಲ್ಲ. ಅವರಿಗೆ ಹಾಗೆಯೇ ಕೇಳುತ್ತಿತ್ತು.

ಈಗ ಎರಡೂ ಕಿವಿಗೆ ಯಂತ್ರ ಬಂದಿದೆ. ಮೊದಲ ವಾರ ಸ್ಟೀಲ್ ಲೋಟ ಇಟ್ಟರೂ ಬೆಚ್ಚಿಬೀಳುತ್ತಿದ್ದರು, ಎರಡು ದಿನ ತೆಗೆದಿಟ್ಟೂಬಿಟ್ಟಿದ್ದರು. ನಿಧಾನವಾಗಿ ಅಭ್ಯಾಸವಾಯಿತು. ಟೀವಿಯ ವಾಲ್ಯೂಮ್ ಅರ್ಧಕ್ಕೆ ಇಳಿದಿದೆ. ನಮ್ಮೆಜಮಾನರು ಹಾಲಿನಲ್ಲೇ ಕೂತು ಅವರ ಜೊತೆ ನ್ಯೂಸ್ ನೋಡಿ ವಾದ ಮಾಡುತ್ತಾರೆ. ಮಗಳು ಫೋನಿನಲ್ಲಿ “ತಾತ ನನ್ ಹತ್ರ ಅರ್ಧ ಗಂಟೆ ಮಾತಾಡಿದ್ರು ಗೊತ್ತಾ” ಅಂತ ಆಶ್ಚರ್ಯಪಟ್ಟಳು.

ನಾನು ವಾರಕ್ಕೆ ಐದು ದಿನ ಸೈಕಲ್ ತುಳಿಯುತ್ತೇನೆ. ಹೋದ ಭಾನುವಾರ ವಾಪಸ್ಸು ಬಂದು ಗೇಟಿನಿಂದ ಸೈಕಲ್ ತಳ್ಳಿಕೊಂಡು ಒಳಗೆ ಬರುತ್ತಿದ್ದೆ. ಪೋರ್ಟಿಕೋದಲ್ಲಿ ಕೂತಿದ್ದ ಅಪ್ಪ ಕೈ ಎತ್ತಿ ನಿಲ್ಲಿಸಿದರು. “ಏನೋ ಹೊಸ ಸದ್ದು ಬರ್ತಿದ್ಯಲ್ಲೇ. ಟಿಕ್ ಟಿಕ್ ಟಿಕ್ ಅಂತ, ಸಣ್ಣಕ್ಕೆ.”

“ಅದು ಫ್ರೀವೀಲ್ ಅಪ್ಪ. ಮೊದ್ಲಿಂದ್ಲೂ ಇತ್ತು. ಅದು ಇರಬೇಕಾದ ಸದ್ದೇ.”

“ಓ ಹೌದಲ್ವಾ” ಅಂದವರು, “ಇನ್ನೊಂದ್ಸಲ ತಳ್ಳು” ಅಂದರು. ನಾನು ಗೇಟಿನವರೆಗೆ ಹಿಂದಕ್ಕೆ ಹೋಗಿ, ಮತ್ತೆ ನಿಧಾನವಾಗಿ ತಳ್ಳಿಕೊಂಡು ಬಂದೆ.